ಭಾನುವಾರದ ಮರಳು

ಒಂಬತ್ತನೆಯ ಕಂತು

ಹಿತ್ತಾಳೆ ಬಿಂದಿಗೆಯ ಕಂಠಕ್ಕೆ ಹುಣಿಸೆಹಣ್ಣು ಸವರಿ, ಮೇಲೊಂದು ಹಿಡಿ ಮರಳು ಹಾಕಿ, ತೆಂಗಿನ ನಾರಿನಿಂದ ಹೊಂಬಾಳಮ್ಮ ತಿಕ್ಕುತ್ತಲೇ ಇದ್ದಳು. ಬಿಂದಿಗೆ ಆಗಲೇ ಮುಖ ಕಾಣುವಷ್ಟು ಬೆಳಗಿತ್ತು. ಆದರೂ ಕೈ ನಿಲ್ಲಲಿಲ್ಲ. ಕೈ ನಿಂತರೆ ಮನಸ್ಸು ಓಡುತ್ತದೆ; ಓಡಿದ ಮನಸ್ಸು ನೆಟ್ಟಗೆ ಮಳವಳ್ಳಿ ಸ್ಟೇಷನ್ನಿನ ಕಂಬಿಯ ಮುಂದೆ ಹೋಗಿ ನಿಲ್ಲುತ್ತದೆ.

ಆ ಕಂಬಿಯ ಹಿಂದೆ ಅವಳ ತಮ್ಮ ಚಿಕ್ಕಬೋರಯ್ಯ ಕೂತು ಮೂರು ವಾರವಾಗಿತ್ತು. ಮಂಡ್ಯದ ಡ್ರಾಯಿಂಗ್ ಮೇಷ್ಟ್ರು ಸಂಪತ್ ಕುಮಾರರನ್ನು ಬಂಡೆಯ ಮೇಲಿಂದ ಕಾವೇರಿಗೆ ನೂಕಿದನೆಂಬ ಆಪಾದನೆ; ಹೆಣ ಇನ್ನೂ ಸಿಕ್ಕಿರಲಿಲ್ಲ. ಸೋಮವಾರ ಅವನನ್ನು ಮೈಸೂರಿಗೆ ಸಾಗಿಸುತ್ತಾರೆ. ಇವತ್ತು ಶನಿವಾರ.

"ಬಿಂದಿಗೆ ತೂತಾದೀತು ಕಣಕ್ಕ."

ತಲೆಯೆತ್ತಿದಳು. ದಫೇದಾರ ಮರಿಯಯ್ಯ ಬೇಲಿಯಾಚೆ ನಿಂತು ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದ. ಇಡೀ ಸ್ಟೇಷನ್ನಿನಲ್ಲಿ ಅವಳಿಗೆ ಕೂತುಕೋ ಎಂದವನು ಅವನೊಬ್ಬನೇ.

"ಬೋರ ಎಂಗವ್ನೆ?"

"ಸರ್ಯಾಗಿ ಉಣ್ತಾ ಇಲ್ಲ. ಗೋಡೆ ಕಡೆ ಮೊಕ ಮಾಡ್ಕಂಡು ಕೂತವ್ನೆ. 'ಮೇಷ್ಟ್ರಿಗೆ ದಾರಿ ತೋರ್ಸಿ ಬಂದೆ, ಸಂಜೆ ಕರೆಯಾಕೆ ಓದ್ರೆ ಇರ್ಲಿಲ್ಲ.' ಅದೊಂದೇ ಮಾತು."

"ಬ್ಯಾರೆ ಮಾತು ಎಲ್ಲಿಂದ ತಂದಾನು? ನಡೆದದ್ದೇ ಅಷ್ಟು."

ಮರಿಯಯ್ಯ ಬೇಲಿ ದಾಟಿ ಬಂದು ಕಲ್ಲಿನ ಮೇಲೆ ಕುಕ್ಕರಿಸಿದ. ಅವನ ಕಣ್ಣು ಬಿಂದಿಗೆಯ ಪಕ್ಕದ ಮಂಕರಿಯ ಮೇಲೆ ಬಿತ್ತು.

"ಎಲ್ಲಿ ಮರಳಕ್ಕ ಇದು? ಮಿಂಚ್ತದೆ."

"ಕಾಗೆಬಂಗಾರ ಬೆರ್ತದೆ ಕಣಪ್ಪ. ನಮ್ಮೂರ ಹೊಳೇದು ದಪ್ಪ ಮರಳು, ಕೆಂಪಗೆ. ಇದ ಬೋರ ತಂದಿದ್ದು. 'ಅಕ್ಕ, ಬಂಡೆ ಮರೇಲಿ ಒಂದು ಮರಳದೆ, ಜರಡಿ ಹಿಡಿದ ಹಿಟ್ಟಿದ್ದಂಗೆ, ಒಂದು ನರಪಿಳ್ಳೆ ಸುಳಿಯಲ್ಲ' ಅಂತ ತಂದು ಸುರುವಿದ. ನಿಮ್ಮ ಇನ್ಸ್‌ಪೆಕ್ಟ್ರು ಅಂಥ ಮರಳೇ ಇಲ್ಲ ಅಂತಾರೆ. ಇಲ್ದೇ ಇರೋ ಮರಳಲ್ಲಿ ನಾನು ಬಿಂದಿಗೆ ಬೆಳಗ್ತಾ ಇವ್ನಿ, ನೋಡು."

"ಅವರೇನು ಸುಳ್ಳು ಏಳಿಲ್ಲಕ್ಕ. ಆ ಬುಧವಾರ ದೋಣೀಲಿ ನಾನೂ ಓಗಿದ್ದೆ. ಬಂಡೆ ನೆಟ್ಟಗೆ ನೀರಿಗೇ ಇಳಿದದೆ. ಮರಳು ಅಂತ ಒಂದು ಬೊಗಸೆ ಕಾಣ್ಲಿಲ್ಲ."

ಹೊಂಬಾಳಮ್ಮ ನಾರನ್ನು ಕೆಳಗಿಟ್ಟಳು. ಇದೇ ಅವಳ ಎದೆಯ ಮೇಲೆ ಕೂತ ಕಲ್ಲು. ತಮ್ಮ ಸುಳ್ಳುಗಾರನಲ್ಲ. ದಫೇದಾರನೂ ಸುಳ್ಳುಗಾರನಲ್ಲ.

"ಕೊರಕಲಮ್ಮನ ಕಲ್ಲಿನ ಅತ್ರ ಇಳಿಯೋ ದಾರಿ ಅಂತ ಬೋರ ಏಳಿದ್ದ" ಎಂದಳು. "ಎಡಗಡೆ ಭುಜ ಮುಕ್ಕಾದ ಕಲ್ಲು. ನಾನೂ ಬೋರನ ಎಂಡ್ತಿ ಮುದ್ದಮ್ಮನೂ ಅದಿನೈದು ದಿನ ಬಂಡೆ ಮೇಲೆಲ್ಲ ಹುಡುಕಿದೋ. ಒಂದು ಮೈಲಿ ಬಂಡೆ. ಕಲ್ಲೇ ಇಲ್ಲ. ದೇವರು ಎದ್ದು ಓಯ್ತದಾ?"

ಮರಿಯಯ್ಯ ಜೇಬಿನಿಂದ ಒಂದು ಕಾಗದ ತೆಗೆದು ಮಡಿಕೆ ಸರಿಮಾಡಿ ಮತ್ತೆ ಒಳಗಿಟ್ಟ. ಅದು ಸಮನ್ಸು. ಹೊಳೆಯ ನೀರಿನಿಂದ ಕರೆಂಟು ತಯಾರಿಸುವ ಊರಾದ ಬ್ಲಫ್‌ನಲ್ಲಿರುವ ಬಿದಿರು ಕಂಟ್ರಾಕ್ಟರು ಪಾರ್ಥಸಾರಥಿಗೆ. ಅವರು ಮೇಷ್ಟ್ರ ಹೆಂಡತಿಯ ಒಡಹುಟ್ಟಿದ ಅಣ್ಣ. ಬೆಳಿಗ್ಗೆ ಹನ್ನೊಂದು ಗಂಟೆಗೆ ಚಿಕ್ಕಬೋರಯ್ಯ ಮೇಷ್ಟ್ರನ್ನು ನೂಕಿದ್ದನ್ನು ಕೊರಕಲಿನ ಆಚೆ ದಡದಿಂದ ಕಣ್ಣಾರೆ ಕಂಡೆನೆಂದು ಹೇಳಿಕೆ ಬರೆಸಿದ್ದವರೂ ಅವರೇ.

"ಆ ಮೇಷ್ಟ್ರ ನೋಟ್‌ಬುಕ್ಕು ನಿನ್ನೆ ಓದ್ದೆ ಕಣಕ್ಕ" ಎಂದ ಮರಿಯಯ್ಯ. "ಅವರು ಉಳಕೊಂಡಿದ್ದ ಛತ್ರದಲ್ಲಿ ಸಿಕ್ಕಿದ್ದು. ಓದಿ ನಿದ್ದೆ ಬರ್ಲಿಲ್ಲ."

ನೋಟ್‌ಬುಕ್ಕಿನ ತುಂಬ ಮರಳು ದಂಡೆಗಳ ಪಟ್ಟಿ. ಮುತ್ತತ್ತಿಯ ಕೆಳಗೆ ಒಂದು: ಮರಳು ಚೆನ್ನ, ಜನ ಜಾಸ್ತಿ. ಶಿಂಷಾ ತಿರುವಿನಲ್ಲಿ ಒಂದು: ಬಂಡೆ ಗಾಳಿ ತಡೆಯುತ್ತದೆ, ಆದರೆ ಬಿಸಿಲು ಹನ್ನೊಂದಕ್ಕೇ ಹೊರಟುಹೋಗುತ್ತದೆ. ಇನ್ನೊಂದು ಕಡೆ ದನ ಕಾಯುವವರು ಬರುತ್ತಾರೆ. ಹೀಗೆ ಆರು ಜಾಗ ನೋಡಿ, ಆರಕ್ಕೂ ಅಡ್ಡಗೆರೆ ಎಳೆದಿದ್ದರು. ಏಳನೆಯದರ ಮುಂದೆ ಬರೆದಿತ್ತು: 'ಕೊರಕಲಮ್ಮನ ಮರಳು. ಚಿಕ್ಕಬೋರಯ್ಯ ಹೇಳಿದ್ದು. ಇನ್ನೂ ನೋಡಿಲ್ಲ. ಭಾನುವಾರ ಹೋಗಬೇಕು.'

"ಯಾಕಂತೆ ಈ ಹುಚ್ಚು?"

"ಎಂಡ್ತಿಗೋಸ್ಕರ. ಆಂಡಾಳಮ್ಮ ಅಂತ. ಎದೆ ರೋಗ. ಗಾಳಿ ಬೀಸ್ದೆ ಇರೋ ಕಡೆ ಬಿಸಿಲಿಗೆ ಕೂರ್ಸಿ ಅಂದವ್ರೆ ಡಾಕ್ಟ್ರು. ಮಂಡ್ಯದ ಗುತ್ತಲಲ್ಲಿ ಆಯಮ್ಮ ಜಗಲಿ ಮೇಲೆ ಕೂತು ಕೆಮ್ಮಿದ್ರೆ ಬೀದಿಯೋರು ದಡಾರ್ ಅಂತ ಕದ ಆಕ್ಕೋತಾರಂತೆ. ಯಾರ ಕಣ್ಣಿಗೂ ಬೀಳ್ದಂಗೆ, ಯಾರೂ ಎದ್ದು ಓಗ್ದಂಗೆ ಅವಳು ಕೂರೋಕೆ ಒಂದು ಜಾಗ ಬೇಕು ಅಂತ ಬರಕೊಂಡವ್ರೆ."

ಹೊಂಬಾಳಮ್ಮ ಕೈಯ ಮರಳು ಕೊಡವಿಕೊಂಡಳು. ಅವಳ ಕಣ್ಣು ತಾನಾಗಿ ಒಳಮನೆಯ ರಾಗಿ ಮಡಕೆಯ ಕಡೆಗೆ ಹೋಗಿ ಹಿಂದಕ್ಕೆ ಬಂತು. ಆ ಮಡಕೆಯೊಳಗೆ ಒಂದು ಲಕೋಟೆ ಇತ್ತು. ಅದನ್ನು ಅವಳು ಮರಿಯಯ್ಯನಿಗೂ ಹೇಳಿರಲಿಲ್ಲ.

"ಕೊನೆಗೆ ಉಳಿದದ್ದು ಮೇಷ್ಟ್ರ ಚಪ್ಪಲಿ ಒಂದೇ" ಎಂದು ಮರಿಯಯ್ಯ ಎದ್ದ. "ಬಂಡೆ ಮೇಲೆ ಒಂಟಿ ಬೇಲದ ಮರ ಅದಲ್ಲ, ಅದರ ಬುಡದಲ್ಲಿ ಇದ್ವು. ಪಕ್ಕಪಕ್ಕ, ಅಚ್ಚುಕಟ್ಟಾಗಿ."

"ನಿಂತ್ಕೋ. ಪಕ್ಕಪಕ್ಕ ಇದ್ವಾ?"

"ಊಂ."

"ಮೊಕ ಯಾವ ಕಡೆಗಿದ್ವು? ಹೊಳೆ ಕಡೆಗಾ?"

ಮರಿಯಯ್ಯ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಇಲ್ಲ. ಮರದ ಬುಡದ ಕಡೆಗೆ."

"ಒಬ್ಬನ್ನೊಬ್ಬ ನೂಕಾಡೋ ಹೊತ್ನಲ್ಲಿ ಚಪ್ಪಲೀನ ಜೋಡಿಸಿ ಇಟ್ಟು ನೂಕಿಸ್ಕತಾರಾ? ನೀನು ಚಪ್ಪಲಿ ಇಂಗೆ ಎಲ್ಲಿ ಬುಡ್ತೀಯಪ್ಪ, ಏಳು."

ಮರಿಯಯ್ಯ ತನ್ನ ಬೂಟಿನ ಕಡೆ ನೋಡಿಕೊಂಡ.

"ಗುಡಿ ಮುಂದೆ" ಎಂದ.

*

ಬೇಲದ ಮರದ ಬುಡದಲ್ಲಿ ದೇವರು ಇರಲಿಲ್ಲ. ಆದರೆ ದೇವರು ಇದ್ದ ಜಾಗ ಇತ್ತು.

ಬಂಡೆಯ ಮೇಲೆ ಊಟದ ತಟ್ಟೆಯಗಲ ಎಣ್ಣೆಯ ಕರೆ, ವರ್ಷಗಟ್ಟಲೆ ಕುಡಿದು ಕಪ್ಪಾದದ್ದು. ಅದರ ಸುತ್ತ ಇರುವೆ ಸಾಲು. ಹೊಂಬಾಳಮ್ಮ ಬೆರಳಿಂದ ಒರೆಸಿ ಮೂಸಿದಳು. ಹರಳೆಣ್ಣೆ. ಸಂದಿಯಲ್ಲಿ ಒಣಗಿದ ಕುಂಕುಮ.

"ಇಲ್ಲಿಗೆ ಬಂದಾಗ ನೀವ್ಯಾರಾದ್ರೂ ಬೂಟು ಬುಟ್ರಾ?"

"ಕಲ್ಲೇ ಇರ್ಲಿಲ್ವಲ್ಲಕ್ಕ, ಯಾತಕ್ಕೆ ಬುಡಾನ? ಇದ್ದಿದ್ರೆ ನಮ್ಮ ಇನ್ಸ್‌ಪೆಕ್ಟ್ರೇ ಮೊದಲು ಬುಡೋರು."

"ಮೇಷ್ಟ್ರು ಬಂದಾಗ ಇತ್ತು. ನೀವು ಬರೋ ಹೊತ್ಗೆ ಇರ್ಲಿಲ್ಲ. ನಡುವೆ ಯಾರೋ ಎತ್ಕೊಂಡವ್ರೆ."

ಅವಳು ಮರದ ಹಿಂದಕ್ಕೆ ಹೋದಳು. ಅಲ್ಲಿ ಮುಳ್ಳುಪೊದೆ ದಟ್ಟವಾಗಿತ್ತು, ಆದರೆ ಎಲೆಯೆಲ್ಲ ಒಣಗಿ ಮುರುಟಿದ್ದವು. ಕೊಂಬೆ ಹಿಡಿದು ಎಳೆದಳು. ಬೇರಿಲ್ಲದ ಪೊದೆ ಸರಕ್ಕನೆ ಬಂತು. ಬುಡದಲ್ಲಿ ಮಚ್ಚಿನ ಏಟು.

ಪೊದೆಯ ಹಿಂದೆ ಒಬ್ಬರು ಇಳಿಯುವಷ್ಟು ಸಂದು.

ಇಬ್ಬರೂ ಇಳಿದರು. ಮರಿಯಯ್ಯ ಬೂಟು ಬಿಚ್ಚಿ ಕೈಯಲ್ಲಿ ಹಿಡಿದ. ಐವತ್ತು ದಾಟಿದ ಹೊಂಬಾಳಮ್ಮ ಬೇರು ಹಿಡಿದು, ಬಂಡೆಗೆ ಬೆನ್ನು ಕೊಟ್ಟು, ಕೂತು ಜಾರಿ ಇಳಿದಳು. ಕೆಳಗೆ ತಲುಪಿ ಸುತ್ತ ನೋಡಿದಳು.

ಮೂರು ಕಡೆ ಬಂಡೆ, ಮನೆಯ ಗೋಡೆಯ ಹಾಗೆ. ಒಂದು ಉಸಿರು ಗಾಳಿ ಇಲ್ಲ. ಆದರೆ ನಡುವೆ ಇದ್ದದ್ದು ಬರೀ ನೀರು. ಬಂಡೆಯಿಂದ ಬಂಡೆಗೆ ಕಂದು ನೀರು.

"ಏಳಲಿಲ್ವಾ ನಾನು" ಎಂದ ಮರಿಯಯ್ಯ, ಸೋತ ದನಿಯಲ್ಲಿ.

ಹೊಂಬಾಳಮ್ಮ ಸೀರೆ ಎತ್ತಿ ಕಟ್ಟಿ ನೀರಿಗೆ ಕಾಲಿಟ್ಟಳು.

"ಅಕ್ಕಾ! ಮಡು ಇದ್ದಾತು!"

ಮಡು ಇರಲಿಲ್ಲ. ನೀರು ಮೊಣಕಾಲಿಗೆ ನಿಂತಿತು. ಕಾಲಡಿಯಲ್ಲಿ ಮೆತ್ತಗೆ, ಬೆರಳ ಸಂದಿಯಲ್ಲಿ ನುಣ್ಣಗೆ ಏನೋ ಸರಿಯಿತು. ಬಗ್ಗಿ ಒಂದು ಹಿಡಿ ತೆಗೆದಳು. ಅಂಗೈಯಲ್ಲಿ ಕಾಗೆಬಂಗಾರ ಮಿಂಚಿತು.

ಮರಿಯಯ್ಯ ಹಣೆ ಬಡಿದುಕೊಂಡ. "ಥೂ ನನ್ನ ಬುದ್ಧಿಗಿಷ್ಟು! ನನ್ನ ಭಾವಮೈದ ಬ್ಲಫ್‌ನಲ್ಲೇ ಕೆಲಸ ಮಾಡ್ತಾನೆ, ಕೇಳ್ಬಾರ್ದಾ! ಭಾನುವಾರ ಕಾರ್ಖಾನೆಗಳಿಗೆ ರಜಾ ಕಣಕ್ಕ. ಕರೆಂಟು ಕಡಿಮೆ ಸಾಕು. ಮಿಶನ್ನು ಕಡಿಮೆ ತಿರುಗ್ತವೆ, ಅವುಕ್ಕೆ ಬುಡೋ ನೀರೂ ಕಡಿಮೆ. ಆ ನೀರೇ ಈ ಕೊರಕಲಿಗೆ ಬರೋದು. ನಾವು ಬಂದದ್ದು ಬುಧವಾರ!"

ಭಾನುವಾರ ಮೇಲೆ ಬಂದು, ಸೋಮವಾರ ಮುಳುಗುವ ಮರಳು. ಅಣೆಕಟ್ಟೆಯ ನೀರು ಕಡಿಮೆಯಿರುವ ಬೇಸಿಗೆಯಲ್ಲಿ ಮಾತ್ರ. ಚಿಕ್ಕಬೋರಯ್ಯ ಇದನ್ನು ಕಂಡದ್ದೂ ಭಾನುವಾರವೇ. ಅವನಿಗೆ ಅದು ಯಾವಾಗಲೂ ಇರುವ ಮರಳು.

"ಅಲ್ಲಿ ನೋಡು" ಎಂದಳು ಹೊಂಬಾಳಮ್ಮ.

ಎದುರಿನ ಬಂಡೆಗೋಡೆಯ ಮೇಲೆ, ಎದೆಯೆತ್ತರದಲ್ಲಿ, ಕೆಂಪು ಸೀಮೆಸುಣ್ಣದ ಗೆರೆಗಳು. ಒಂದೊಂದರ ಪಕ್ಕ ಒಂದೊಂದು ಅಂಕಿ. ಅವಳಿಗೆ ಅಕ್ಷರ ಬಾರದಿದ್ದರೂ ಸಂತೆ ಮಾಡುವವಳಿಗೆ ಅಂಕಿ ಬರುತ್ತದೆ. ೯. ೧೦. ೧೧. ೧೨. ೧. ೨.

"ಇದೇನು, ಮೇಷ್ಟ್ರು ಬಂಡೆಗೆ ಪಾಠ ಏಳ್ಕೊಟ್ರಾ?" ಎಂದ ಮರಿಯಯ್ಯ.

ಆ ಹೊತ್ತಿಗೆ ಬ್ಲಫ್ ಕಡೆಯಿಂದ ಹತ್ತರ ಗಂಟೆ ಹೊಡೆಯಿತು. ಬಂಡೆಯ ಮೇಲೆ ಸರಿದು ಬರುತ್ತಿದ್ದ ಬಿಸಿಲಿನ ಅಂಚು ಹತ್ತೆಂದು ಬರೆದ ಗೆರೆಯನ್ನು ಮುಟ್ಟಿ ನಿಂತಿತ್ತು.

ಹೊಂಬಾಳಮ್ಮ ಗೆರೆಯಿಂದ ಗೆರೆಗೆ ಬೆರಳು ತೋರಿಸುತ್ತ ಎಣಿಸಿದಳು.

ಹೆಂಡತಿಗೆ ಎಷ್ಟು ಹೊತ್ತು ಬಿಸಿಲು ಸಿಕ್ಕೀತೆಂದು ಆ ಮನುಷ್ಯ ಗಂಟೆಗೊಂದು ಗೆರೆ ಎಳೆಯುತ್ತ ಇಲ್ಲಿ ಒಬ್ಬನೇ ಕೂತಿದ್ದ. ಒಂಬತ್ತರಿಂದ ಎರಡರವರೆಗೆ. ಎರಡರ ಗೆರೆ ಮಾತ್ರ ನೆಟ್ಟಗಿರಲಿಲ್ಲ. ಅರ್ಧಕ್ಕೆ ಜಾರಿ ಕೆಳಮುಖವಾಗಿ, ಕೈ ಯಾರೋ ಎಳೆದ ಹಾಗೆ, ಬಂಡೆಯ ಬುಡದವರೆಗೆ ಹೋಗಿತ್ತು.

"ಅನ್ನೊಂದು ಗಂಟೆಗೆ ನಮ್ ಬೋರ ನೂಕ್ದ ಅಂತ ಸಾಕ್ಸಿ" ಎಂದಳು ಹೊಂಬಾಳಮ್ಮ ನಿಧಾನವಾಗಿ. "ಎರಡು ಗಂಟೆಗೆ ಮೇಷ್ಟ್ರು ಇಲ್ಲಿ ಗೆರೆ ಎಳೀತಾವ್ರೆ."

"ಹಿಂದೆ ಯಾವಾಗಲೋ ಬಂದು ಎಳ್ದಿದ್ದು ಅನ್ನಂಗೂ ಇಲ್ಲ. 'ಇನ್ನೂ ನೋಡಿಲ್ಲ' ಅಂತ ಅವರ ಕೈಲೇ ಬರ್ದವ್ರೆ." ಮರಿಯಯ್ಯನ ಮುಖದಲ್ಲಿ ಒಂದು ಗಳಿಗೆ ಬೆಳಕಾಯಿತು. ಮರುಗಳಿಗೆ ಅದು ಆರಿತು. "ಆದ್ರೆ ಬಂಡೇನ ಕೋರ್ಟಿಗೆ ಹೊತ್ಕೊಂಡು ಓಗಾಕಾಯ್ತದಾ? ಇನ್ಸ್‌ಪೆಕ್ಟ್ರು ಮೈಸೂರಲ್ಲವ್ರೆ. ನನ್ನೊಬ್ಬನ ಮಾತು ಯಾರು ಕೇಳ್ತಾರೆ? ಇಬ್ಬರು ಪಂಚರು ಬಂದು ನೋಡಿ ರುಜು ಆಕ್ಬೇಕು."

"ನಾಳೆ ಕರ್ಕೊಂಡು ಬಾ. ನಾಳೆ ಭಾನುವಾರ. ಮರಳೂ ಎದ್ದಿರ್ತದೆ, ಗೆರೇನೂ ಇರ್ತವೆ. ಮರಳೊಳಗೆ ಇನ್ನೇನದೆಯೋ..."

ಮೇಲೆ ಹತ್ತಿ ಬಂದು ಉಸಿರು ಬಿಡುವಷ್ಟರಲ್ಲಿ ತಮಟೆಯ ಸದ್ದು ಕೇಳಿತು. ಊರ ತೋಟಿ ಹೊಳೆಯ ದಾರಿಯಲ್ಲಿ ಸಾರುತ್ತ ಬರುತ್ತಿದ್ದ: "ಕೇಳ್ರಪ್ಪೋ ಕೇಳ್ರಿ! ಮ್ಯಾಲೆ ಮಳೆ ಜೋರಾಗದೆ! ಕನ್ನಂಬಾಡಿ ಕಟ್ಟೆಯಿಂದ ನೀರು ಬುಟ್ಟವ್ರೆ! ನಾಳೆ ಮಧ್ಯಾನದಿಂದ ಹೊಳೆ ದಡಕ್ಕೆ ದನ ಕರ ಮಕ್ಕಳ ಬುಡಬ್ಯಾಡಿ!"

ಒಂದು ಸಲ ಆ ನೀರು ಕೊರಕಲಿಗೆ ಬಂದರೆ ಇಳಿಯುವುದು ಸಂಕ್ರಾಂತಿಗೆ. ಗೆರೆಯೂ ಇಲ್ಲ, ಮರಳೂ ಇಲ್ಲ.

ನಾಳೆ ಬೆಳಗಾದ ಮೇಲೆ ಮಧ್ಯಾಹ್ನದವರೆಗಿನ ನಾಲ್ಕೈದು ಗಂಟೆ. ಅಷ್ಟೇ ಅವಳ ಕೈಯಲ್ಲಿ ಉಳಿದದ್ದು.

*

ಪಾರ್ಥಸಾರಥಿಯ ಮನೆ ಬ್ಲಫ್‌ನ ರಸ್ತೆ ತಿರುವಿನಲ್ಲಿತ್ತು. ಅಷ್ಟರಲ್ಲಿ ಹೊಂಬಾಳಮ್ಮ ದಾರಿಯಲ್ಲೇ ಸಿಕ್ಕ ತನ್ನ ಮನೆಗೆ ಹೋಗಿ, ರಾಗಿ ಮಡಕೆಗೆ ಮೊಳಕೈವರೆಗೆ ಕೈ ಇಳಿಸಿ, ಲಕೋಟೆಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಯಾಕೆ ಎಂದು ಅವಳಿಗೇ ತಿಳಿಯದು. ಇನ್ನು ಮನೆಯಲ್ಲಿಡುವುದು ಬೇಡ ಎನ್ನಿಸಿತು, ಅಷ್ಟೇ.

ಮರಿಯಯ್ಯ ಜಗಲಿಯಲ್ಲಿ ಸಮನ್ಸಿಗೆ ರುಜು ಹಾಕಿಸುತ್ತಿದ್ದ. ಬಾಯಾರಿದವರು ಆ ಊರಲ್ಲಿ ಮುಂಬಾಗಿಲಲ್ಲಿ ನೀರು ಕೇಳುವುದಿಲ್ಲ. ಹೊಂಬಾಳಮ್ಮ ಹಿತ್ತಲಿಗೆ ಸುತ್ತಿ ಬಂದಳು.

ಬಾವಿ. ಒಣಗಲು ಹಾಕಿದ ಮಡಿ ಪಂಚೆ. ತುಳಸಿಕಟ್ಟೆ. ಕಟ್ಟೆಯ ಹಿಂದೆ, ಗೋಡೆಯ ಮರೆಯಲ್ಲಿ, ಒಂದು ಕಪ್ಪು ಕಲ್ಲು.

ಅವಳು ಬಾವಿಯ ಹಗ್ಗ ಕೈಬಿಟ್ಟಳು.

ನಾಮ ಹಾಕುವ ಅಯ್ಯಂಗಾರರ ಹಿತ್ತಲಲ್ಲಿ ಅರಿಶಿನ ಕುಂಕುಮ ಮೆತ್ತಿದ ಹಳ್ಳಿಯಮ್ಮ! ಎಣ್ಣೆ ಕುಡಿದು ಮಿರಮಿರ ಮಿರುಗುವ ಮೈ. ಮುಕ್ಕಾದ ಎಡ ಭುಜ. ಮುಂದೆ ಒಂದು ಚೂರು ಬಾಳೆಹಣ್ಣು. ನೆತ್ತಿಯ ಮೇಲೆ ಇವತ್ತಿನ ಕಣಗಿಲೆ ಹೂವು, ನೀರ ಹನಿ ಇನ್ನೂ ಆರಿಲ್ಲ.

ಅವಳಿಗೆ ಎಲ್ಲವೂ ಹೊಳೆಯಿತು. ದಾರಿಯ ಗುರುತು ಅಳಿಸಲು ಕಲ್ಲು ಎತ್ತಿದವನಿಗೆ ಅದನ್ನು ಹೊಳೆಗೆ ಎಸೆಯುವುದು ಎಷ್ಟರ ಕೆಲಸ? ಬಂಡೆಯಿಂದ ಒಂದು ಸಲ ಕೈ ಬಿಟ್ಟಿದ್ದರೆ ಮುಗಿಯಿತು. ಕೈ ಬರಲಿಲ್ಲ. ಪೂಜೆಯಿಲ್ಲದೆ ಮೂಲೆಗೆ ಹಾಕುವ ಧೈರ್ಯವೂ ಬರಲಿಲ್ಲ.

ಗೋಡೆಯ ಒಳಗಡೆ ಯಾರೋ ಕೆಮ್ಮಿದರು. ಒಣ ಕೆಮ್ಮು, ಎರಡು ಸಲ. ಮೂರನೆಯದು ಬಟ್ಟೆಯೊಳಗೆ ಅಡಗಿದ ಹಾಗೆ ನಿಂತಿತು.

"ಅಲ್ಲೇನು ಮಾಡ್ತಿದ್ದೀಯಮ್ಮ?"

ಪಾರ್ಥಸಾರಥಿ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಅಚ್ಚುಕಟ್ಟಾದ ನಾಮ, ಮೆಲ್ಲಗಿನ ದನಿ. ಹಿಂದೆಯೇ ಮರಿಯಯ್ಯ.

"ನೀರು ಕುಡಿಯಾಕೆ ಬಂದೆ ಸ್ವಾಮಿ. ನಮ್ಮಮ್ಮ ಇಲ್ಲಿ ಕೂತವ್ಳಲ್ಲ, ಅದ ನೋಡ್ತಿದ್ದೆ."

"ನಿಮ್ಮಮ್ಮ?"

"ಕೊರಕಲಮ್ಮ. ಭುಜ ಮುಕ್ಕಾಗದೆ ನೋಡಿ."

ಅವರು ಕಲ್ಲಿನ ಕಡೆ ನೋಡಲಿಲ್ಲ. "ಬಂಡೆ ಮೇಲೆ ಮಗುಚಿ ಬಿದ್ದಿತ್ತು. ದನ ತುಳಿಯುತ್ತವಲ್ಲ ಅಂತ ತಂದಿಟ್ಟೆ. ದೇವರು ಅಂದಮೇಲೆ ಯಾರ ದೇವರಾದರೇನು?"

"ಪುಣ್ಯದ ಕೆಲಸ. ಯಾವತ್ತು ತಂದ್ರಿ?"

"ತಾರೀಖು ಬರೆದಿಟ್ಟುಕೊಳ್ಳೋ ಅಭ್ಯಾಸ ಇಲ್ಲ."

"ಮೇಷ್ಟ್ರು ಕಾಣೆಯಾಗಾಕೆ ಮುಂಚೇನಾ, ಆಮ್ಯಾಕಾ?"

ಪಾರ್ಥಸಾರಥಿ ಮರಿಯಯ್ಯನ ಕಡೆ ತಿರುಗಿದರು. "ಏನು ದಫೇದಾರ್ರೇ, ಈಗ ವಿಚಾರಣೆ ಈಕೆ ಕೈಗೆ ಬಂತೋ? ಪೇಟ ಒಂದು ಕೊಟ್ಟುಬಿಡಿ, ಪೂರ್ತಿಯಾಗಲಿ."

ಮರಿಯಯ್ಯ ನೆಲ ನೋಡಿದ. "ಅಕ್ಕ, ಬಾ, ಓಗನ" ಎಂದ. ಅವನ ದನಿ ಅವನಿಗೇ ಕೇಳಿಸಿರಲಿಕ್ಕಿಲ್ಲ.

"ಒಂದೇ ಮಾತು ಸ್ವಾಮಿ. ನೀವು ಕಂಡಿದ್ದು ಅನ್ನೊಂದು ಗಂಟೆಗೇನಾ?"

"ಗಡಿಯಾರ ನೋಡಿದ್ದೀನಿ. ಎಷ್ಟು ಸಲ ಕೇಳಿದರೂ ಹನ್ನೊಂದೇ."

ಎರಡು ಎಂಬ ಅಂಕಿ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಹಲ್ಲು ಕಚ್ಚಿ ನುಂಗಿದಳು. ಈಗ ಹೇಳಿದರೆ ನಾಳೆಯವರೆಗೆ ಆ ಗೆರೆ ಉಳಿಯುವುದಿಲ್ಲ.

"ನಿನ್ನ ತಮ್ಮನ ಮೇಲೆ ನನಗೇನು ಹಗೆ ಹೇಳು?" ಅವರ ದನಿ ಇನ್ನೂ ಮೆತ್ತಗಾಯಿತು. "ಕಂಡದ್ದನ್ನು ಹೇಳಿದೆ. ಆ ಹುಡುಗಿ ಮುದ್ದಮ್ಮ ಬಸುರಿ ಅಂತೆ. ಸೋಮವಾರ ಕಳೀಲಿ, ನಾನೇ ಏನಾದರೂ ದಾರಿ ಮಾಡ್ತೀನಿ." ಒಂದು ಹೆಜ್ಜೆ ಮುಂದೆ ಬಂದರು. "ಅಂದ ಹಾಗೆ, ಸಂಪತ್ತು ನಿನ್ನ ತಮ್ಮನ ಕೈಗೆ ಏನಾದರೂ ಕಾಗದ ಕೊಟ್ಟಿದ್ದನೇನು?"

ಹೊಂಬಾಳಮ್ಮನ ಸೊಂಟದಲ್ಲಿ ಲಕೋಟೆ ಕೆಂಡದ ಹಾಗೆ ಸುಟ್ಟಿತು.

"ನಮ್ಮನೇಲಿ ಓದೋರ್ ಯಾರವ್ರೆ ಸ್ವಾಮಿ? ಕಾಗದ ಇಟ್ಕೊಂಡು ಒಲೆ ಅಚ್ಚನಾ?"

ಅವರು ಅವಳ ಮುಖವನ್ನೇ ನೋಡಿದರು. ಆಮೇಲೆ ನಕ್ಕರು.

"ತಂಗಿಯಮ್ಮ ಎಂಗವ್ರೆ?" ಎಂದು ಕೇಳಿದಳು, ಮಾತು ತಿರುಗಿಸಲು.

"ಗುತ್ತಲಲ್ಲೇ ಇದ್ದಾಳೆ. ಹಾಸಿಗೆ ಬಿಟ್ಟು ಏಳೋದಿಲ್ಲ ಪಾಪ."

ಒಳಗೆ ಮತ್ತೆ ಕೆಮ್ಮು.

"ಅಡುಗೆಯವಳಿಗೆ ನೆಗಡಿ" ಎಂದು ಪಾರ್ಥಸಾರಥಿ ಬಾಗಿಲು ಎಳೆದುಕೊಂಡರು.

*

ಮಳವಳ್ಳಿಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಅವಳು ಲಕೋಟೆಯನ್ನು ಮರಿಯಯ್ಯನ ತೊಡೆಯ ಮೇಲಿಟ್ಟಳು.

ಅವನು ನೋಡಿದ. ತಿರುಗಿಸಿ ನೋಡಿದ. "ಶ್ರೀಮತಿ ಆಂಡಾಳ್ ಅಮ್ಮನವರಿಗೆ, ಗುತ್ತಲು, ಮಂಡ್ಯ." ಅದೇ ದುಂಡನೆಯ ಅಕ್ಷರ, ನೋಟ್‌ಬುಕ್ಕಿನದು. "ಎಲ್ಲಿತ್ತಕ್ಕ ಇದು?"

"ರಾಗಿ ಮಡಕೇಲಿ. ಆ ಭಾನುವಾರ ಬೆಳಿಗ್ಗೆ ಮೇಷ್ಟ್ರು ಬೋರನಿಗೆ ಕೊಟ್ಟು, 'ಸಂಜೆ ನಾನು ಬರ್ದೇ ಇದ್ರೆ ಅಂಚೆಗೆ ಆಕು' ಅಂದ್ರಂತೆ. ಬೋರ ನನ್ ಕೈಗೆ ಕೊಟ್ಟು, ಮೇಷ್ಟ್ರು ಕಾಣೆ ಅಂತ ಏಳಾಕೆ ಸ್ಟೇಸನ್ನಿಗೆ ಓದ. ನೀವು ಅವನನ್ನೇ ಇಡ್ಕೊಂಡ್ರಿ. ಸತ್ತೋನ ಕಾಗದ ಇವರತ್ರ ಎಂಗೆ ಬಂತು ಅಂತ ಅದಕ್ಕೂ ಒಂದು ಕೇಸು ಜಡೀತೀರಿ ಅಂತ ಎದುರ್ಕೊಂಡೆ."

"ಮೂರು ವಾರ! ಮೂರು ವಾರ ರಾಗಿ ಒಳಗೆ ಊತಿಟ್ಟಿದ್ದೀಯಲ್ಲವ್ವ!"

"ಬಯ್ಯಿ. ಬಯ್ಯಿಸ್ಕೊಳಾಕೇ ಕೊಟ್ಟಿದ್ದು."

ಮರಿಯಯ್ಯ ಬಯ್ಯಲಿಲ್ಲ. ಲಕೋಟೆಯನ್ನು ಬೆಳಕಿಗೆ ಹಿಡಿದ, ಏನೂ ಕಾಣಲಿಲ್ಲ. ಬಿಚ್ಚುವಂತಿರಲಿಲ್ಲ. ಬಿಚ್ಚಿದರೆ ತಾವೇ ಬರೆಸಿ ತುರುಕಿದ್ದು ಅನ್ನುತ್ತಾರೆ. ಸ್ಟೇಷನ್ನಿಗೆ ಕೊಟ್ಟರೆ ಕಡತ ಸೇರುತ್ತದೆ. ಆ ಕಡತ ಪಾರ್ಥಸಾರಥಿಯವರ ಮುಂದೆ ಎಷ್ಟು ಸಲ ತೆರೆದಿದೆಯೆಂದು ಅವನಿಗೆ ಗೊತ್ತು.

"ಕಾಗದ ಅದೆ ಅಂತ ಅವರಿಗೆ ಎಂಗೆ ಗೊತ್ತಾಯ್ತು?" ಎಂದ.

"ಅದೇ ನಂಗೂ ಕೊರೀತಿರೋದು."

"ಮಂಡ್ಯಕ್ಕೆ ನೀನೇ ಓಗಿ ಆಯಮ್ಮನ ಕೈಗೆ ಕೊಟ್ರೆ?"

"ನಾನು ಮಂಡ್ಯಕ್ಕೆ ಓದ್ರೆ ನಾಳೆ ಮೊಬ್ಬಿಗೆ ಬಂಡೆ ಅತ್ರ ಯಾರಿರ್ತಾರೆ? ನೀನು ಪಂಚರ್ನ ಕರ್ಕೊಂಡು ಬರೋಗಂಟ ಆ ಗೆರೆ ಕಾಯೋರ್ಯಾರು?"

ಒಬ್ಬಳೇ ಹೆಂಗಸು, ಎರಡು ಕಡೆ ಇರಬೇಕು.

"ಅಂಚೆಗೆ ಆಕ್ಬುಡು" ಎಂದ ಕೊನೆಗೆ. "ಸರ್ಕಾರದ ಚೀಲ. ನಡುವೆ ಯಾರೂ ಕೈ ಆಕಂಗಿಲ್ಲ. ಸೋಮವಾರ ಬೆಳಿಗ್ಗೆ ಅಂಚೆಯೋನು ನೆಟ್ಟಗೆ ಆಯಮ್ಮನ ಕೈಲೇ ಇಡ್ತಾನೆ. ಆಯಮ್ಮನೇ ಬಿಚ್ಚಿ ಓದ್ಲಿ. ನಾನು ಇದ ನೋಡೇ ಇಲ್ಲ."

ಮಳವಳ್ಳಿಯಲ್ಲಿ ಅವನು ಪಂಚರನ್ನು ಹುಡುಕಲು ಪೇಟೆಯ ಕಡೆ ಓಡಿದ. ಅವಳು ಅಂಚೆ ಕಚೇರಿಯ ಕಿಟಕಿಗೆ ಬಂದಳು.

ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ನಾಲ್ಕರ ಬಸ್ಸು ಎದುರಿಗೇ ಗುಡುಗುಡು ಎನ್ನುತ್ತ ನಿಂತಿತ್ತು. ಪೋಸ್ಟ್ ಮಾಸ್ಟರ್ ಶ್ಯಾಮಣ್ಣ ಕಾಗದಗಳ ರಾಶಿಗೆ ಮುದ್ರೆ ಒತ್ತುತ್ತಿದ್ದರು. ಕನ್ನಡಕದ ಒಂದು ಕಡ್ಡಿಯ ಬದಲು ದಾರ.

"ಬೇಗ ಕೊಡಮ್ಮ, ಚೀಲ ಕಟ್ಟಬೇಕು."

ಕೈ ಚಾಚಿದಳು. ಲಕೋಟೆ ಬಿಡಲು ಬೆರಳು ಒಪ್ಪಲಿಲ್ಲ. ಶ್ಯಾಮಣ್ಣ ಮೆಲ್ಲಗೆ ಎಳೆದುಕೊಂಡರು. ಠಪ್ಪೆಂದು ಮುದ್ರೆ ಬಿತ್ತು. ಲಕೋಟೆ ರಾಶಿಯ ಜೊತೆ ಚೀಲ ಸೇರಿತು. ಚೀಲದ ಬಾಯಿಗೆ ಹುರಿ ಬಿಗಿದು, ಅರಗು ಕರಗಿಸಿ ಸುರಿದು, ಮೊಹರು ಒತ್ತಿದರು. ಜವಾನ ಚೀಲ ಹೊತ್ತು ಬಸ್ಸಿಗೆ ಹಾಕಿದ.

ಹೊಂಬಾಳಮ್ಮ ಮೂರು ವಾರದ ಉಸಿರನ್ನು ಒಮ್ಮೆಗೇ ಬಿಟ್ಟಳು.

"ಅಷ್ಟು ಬಿಗಿಯಾಗಿ ಹಿಡ್ಕೊಂಡಿದ್ದೆಯಲ್ಲ, ಯಾರಿಗಮ್ಮ ಕಾಗದ?" ಶ್ಯಾಮಣ್ಣ ಕನ್ನಡಕ ಒರೆಸುತ್ತ ಕೇಳಿದರು.

"ಗುತ್ತಲಿಗೆ ಸ್ವಾಮಿ. ಆಂಡಾಳಮ್ಮನೋರಿಗೆ."

"ಡ್ರಾಯಿಂಗ್ ಮೇಷ್ಟ್ರ ಮನೆಯವರಿಗಾ? ಅಯ್ಯೋ, ನನ್ನನ್ನ ಒಂದು ಮಾತು ಕೇಳಬಾರದಿತ್ತೇ? ಆಕೆ ಗುತ್ತಲಲ್ಲಿ ಎಲ್ಲಿದ್ದಾರೆ? ಎರಡು ವಾರ ಆಯ್ತು, ಆಕೆ ಹೆಸರಿಗೆ ಬರೋ ಕಾಗದವೆಲ್ಲ ಮಂಡ್ಯದಿಂದ ಇಲ್ಲಿಗೇ ತಿರುಗಿ ಬರುತ್ತೆ. ನಾನೇ ಬ್ಲಫ್‌ಗೆ ಕಳಿಸ್ತೀನಿ, ಅಣ್ಣನ ಮನೆ ವಿಳಾಸಕ್ಕೆ. ಪಾರ್ಥಸಾರಥಿಯವರು ಬರೆದುಕೊಟ್ಟಿದ್ದಾರೆ. ಆಕೆಗೆ ಎದ್ದು ಬರೋ ಶಕ್ತಿ ಇಲ್ಲವಂತೆ. ಕಾಗದ ಎಲ್ಲ ಅವರ ಕೈಗೇ."

ಒಣ ಕೆಮ್ಮು, ಎರಡು ಸಲ. ಮೂರನೆಯದು ಬಟ್ಟೆಯೊಳಗೆ.

ಗೋಡೆಯ ಒಳಗಿದ್ದವಳು ಅಡುಗೆಯವಳಲ್ಲ.

"ಸ್ವಾಮಿ! ಚೀಲ ಬಿಚ್ಚಿಸಿ! ನನ್ ಕಾಗದ ನನಗೆ ಕೊಡಿ!"

"ಅರಗು ಬಿದ್ದ ಮೇಲೆ ನಾನಲ್ಲ, ನಮ್ಮಪ್ಪ ಬಂದರೂ ಬಿಚ್ಚೋ ಹಾಗಿಲ್ಲಮ್ಮ. ಅದೂ ಬರೆದವರು ನೀನಲ್ಲವಲ್ಲ. ಬರೆದವರು ಬಂದು ಕೇಳಲಿ."

ಬರೆದವರು ಬಂದು ಕೇಳಲಿ!

ಅವಳು ಬಸ್ಸಿನ ಕಡೆ ಓಡಿದಳು. ಸೆರಗು ಜಾರಿತು, ಕಾಲಿಗೆ ಕಲ್ಲು ತಗುಲಿತು. ಬಸ್ಸಿನ ಹಿಂದಿನ ಕಂಬಿ ಒಂದು ಗೇಣು ದೂರದಲ್ಲಿತ್ತು, ಆಮೇಲೆ ಒಂದು ಮಾರು, ಆಮೇಲೆ ಬರೀ ಧೂಳು. ಆ ಧೂಳಿನೊಳಗೆ, ಅರಗಿನ ಮೊಹರಿನ ಕೆಳಗೆ ಭದ್ರವಾಗಿ, ಮೂರು ವಾರ ರಾಗಿಯೊಳಗೆ ಕಾದಿದ್ದ ಲಕೋಟೆ ಮದ್ದೂರಿನ ದಾರಿ ಹಿಡಿದು ಹೊರಟಿತು.